ಕುರಿ ಮುಟ್ಟದ ಸೊಪ್ಪು

ಕಲ್ಲಿನ ಮಡಿಗೆ ನೀರು ಹಾಕಲು ಬಂದ ಮುರ್ತುಜಸಾಬ ಹೂವನ್ನು ಕಂಡು, ಹೆಗಲ ಮೇಲಿನ ಕೊಡವನ್ನೂ ಇಳಿಸದೆ ನಿಂತ. ಏಳು ಗಿಡಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಅವನ ತಲೆಯನ್ನು ಮೀರಿ ಬೆಳೆದಿತ್ತು. ಅದರ ಉದ್ದನೆಯ ತೆನೆಯಲ್ಲಿ, ಅವನ ಎದೆಯ ಮಟ್ಟಕ್ಕೆ, ಒಂದೇ ಒಂದು ಹಳದಿ ಹೂವು ಅರಳಿತ್ತು. ಹದಿನಾರು ತಿಂಗಳು ಈ ಹೂವಿಗಾಗಿ ದುಡಿದಿದ್ದ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಇನ್ನೆರಡು ದಿನ ತಡೆದು ಅರಳಿದ್ದರೆ ಇದರ ಗಂಟೇನು ಹೋಗುತ್ತಿತ್ತು ಎಂದುಕೊಂಡ. ಈ ಗಿಡಗಳನ್ನು ನೋಡಲಿಕ್ಕೆಂದೇ ಬಾಗಲಕೋಟೆಯಿಂದ ಒಬ್ಬ ಇಂಗ್ಲಿಷ್ ದೊರೆ ಇವತ್ತು ಬರುವವನಿದ್ದ. ಆ ದೊರೆಯ ಎದುರಿಗೆ ತೋಟದ ಒಡತಿ ಮೇಮಸಾಬಳು ಮುರ್ತುಜನನ್ನು ಕರೆದು ನಿಲ್ಲಿಸುತ್ತಾಳೆ, ಇಂಥ ಪ್ರಾಮಾಣಿಕ ಆಳು ಬಾದಾಮಿ ತಾಲೂಕಿನಲ್ಲೇ ಇಲ್ಲವೆಂದು ಹೇಳಿ ಏನೋ ಬಹುಮಾನ ಕೊಡುತ್ತಾಳೆ ಎಂದು ಬಂಗಲೆಯ ಅಡಿಗೆಯವ ಯಾಕೂಬಸಾಬ ನಿನ್ನೆಯೇ ಹೇಳಿದ್ದ. ಹೇಳುವಾಗ ಅವನ ಮುಖದಲ್ಲಿ ಹೊಟ್ಟೆಕಿಚ್ಚಿತ್ತು. ಮುರ್ತುಜಸಾಬನಿಗೆ ಆ ಹೊಟ್ಟೆಕಿಚ್ಚನ್ನು ಕಂಡೇ ನಾಚಿಕೆಯಾಗಿತ್ತು.

ಅದಕ್ಕಿಂತ ದೊಡ್ಡ ನಾಚಿಕೆ ನಿನ್ನೆ ಸಂಜೆ ಮನೆಗೆ ಹೋಗುವಾಗ ಆದದ್ದು. ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ರಸ್ತೆಗೆ ಹೊಸದಾಗಿ ಖಡಿ ಹಾಕುತ್ತಿದ್ದರು. ರಸ್ತೆಯ ಬದಿಗೆ ಕಲ್ಲಿನ ಗುಂಪಿಗಳು, ಒಡೆಯುವ ಗಂಡಸರು, ಹೊರುವ ಹೆಂಗಸರು. ಅವರ ನಡುವೆ ತಲೆಯ ಮೇಲೆ ಬುಟ್ಟಿ ಹೊತ್ತು ಎಡಗಾಲನ್ನು ಎಳೆಯುತ್ತ ಬರುತ್ತಿದ್ದವಳು ಸೋಮವ್ವ. ಕುರುಬರ ಅಮಸಿದ್ದಪ್ಪನ ಹೆಂಡತಿ. ಕಾಲಿನ ಮೇಲೆ ಕಲ್ಲು ಬಿದ್ದಿರಬೇಕು ಎಂದು ಅವನಿಗೆ ಅನಿಸಿತು. ಅವಳು ತಲೆ ಎತ್ತುವ ಮೊದಲೇ ಅವನು ಎದುರಿಗೆ ಬಂದ ಹತ್ತಿಯ ಗಾಡಿಯ ಮರೆಗೆ ಸರಿದು, ಗಾಡಿ ಹೋಗುತ್ತಿದ್ದದ್ದು ತಾನು ಬಂದ ದಾರಿಗೇ ಆದರೂ ಅದರ ಸಂಗಡ ಹಿಂದಕ್ಕೆ ನೂರು ಹೆಜ್ಜೆ ನಡೆದಿದ್ದ. ಗಾಡಿಯವನು ಇವನನ್ನು ನೋಡಿ ಏನು ಕಳಕೊಂಡಿರಿ ಎಂದು ಕೇಳಿದ. ಐವತ್ತು ದಾಟಿದ, ಗಡ್ಡ ನರೆತ, ಊರಲ್ಲಿ ನಾಲ್ಕು ಜನ ಎದ್ದು ಸಲಾಮು ಮಾಡುವ ಮನುಷ್ಯ ಗಾಡಿಯ ಹಿಂದೆ ಅಡಗಿ ನಡೆಯುವುದು. ಏನೂ ಇಲ್ಲ ಎಂದು ಹೇಳಿ, ಹೊಲದ ಬದುವಿನ ಮೇಲೆ ಸುತ್ತು ಹಾಕಿ ಮನೆ ಸೇರಿದ್ದ.

ಕೊಡ ಭಾರವಾಯಿತು. ಇಳಿಸಿ, ಅಂಗೈಯಲ್ಲಿ ನೀರು ಹಿಡಿದು ಬುಡಗಳಿಗೆ ಚಿಮುಕಿಸಿದ. ಈ ಗಿಡಕ್ಕೆ ನೀರು ಹೆಚ್ಚಾಗಬಾರದು, ಎಲೆಯ ಮೇಲಂತೂ ಬೀಳಲೇಬಾರದು. ಎಲೆಯ ಮೇಲೆಲ್ಲ ಬೆಳ್ಳಿಯ ಬಣ್ಣದ ನವಿರು, ಒದ್ದೆಯಾದರೆ ಕೊಳೆಯುತ್ತದೆ. ಮೇಮಸಾಬಳ ದೇಶದಿಂದ ಬೀಜ ಬಂದಾಗ ಅವು ನಶ್ಯಪುಡಿಗಿಂತ ಸಣ್ಣಗಿದ್ದವು. ಆಕೆ ಹೇಳಿದ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. ಯಾಕೂಬಸಾಬ ಅದನ್ನು ಮುಲ್ಲಾನ ಗಿಡ ಎಂದು ಮಾಡಿದ, ಮುಲ್ಲಾನ ಹಾಗೆ ನೆಟ್ಟಗೆ ನಿಲ್ಲುತ್ತದಂತಲ್ಲ ಎಂದು ನಕ್ಕ. ಮುರ್ತುಜಸಾಬ ಮಾತ್ರ ಎಲೆ ಮೂಡಿದ ಮೇಲೆ ಅದಕ್ಕೆ ಕುರಿಕಿವಿ ಎಂದು ಹೆಸರಿಟ್ಟ. ಈಗತಾನೆ ಹುಟ್ಟಿದ ಕುರಿಮರಿಯ ಕಿವಿಯನ್ನು ಬೆರಳಲ್ಲಿ ಹಿಡಿದರೆ ಹೇಗೋ ಹಾಗಿತ್ತು ಆ ಎಲೆ. ಮೊದಲ ವರ್ಷ ಅದು ನೆಲಕ್ಕೆ ಅಂಟಿಕೊಂಡು, ಹಾಸಿದ ಬೆಳ್ಳಿ ಪರಾತದ ಹಾಗೆ ಅಗಲವಾಗಿ ಕೂಡುತ್ತದೆ. ಎರಡನೆಯ ವರ್ಷ ಒಮ್ಮೆ ಎದ್ದು ನಿಂತು, ಹೂಬಿಟ್ಟು, ಬೀಜ ಕೊಟ್ಟು ಸಾಯುತ್ತದೆ. ಎರಡು ವರ್ಷ ಕಾದು ಒಂದು ಸಲ ಹೂವು ನೋಡುವುದು ಯಾವ ತೋಟದ ಬಾಗವಾನನಿಗೂ ಗಿಟ್ಟುವ ಕೆಲಸವಲ್ಲ. ಬಿತ್ತಿದ ಬೀಜದಲ್ಲಿ ನಲವತ್ತು ಸಸಿ ಎದ್ದವು. ಬೇರೆ ಮಡಿಗಳ ಕಪ್ಪು ಮಣ್ಣಿಗೆ ಹಾಕಿದವೆಲ್ಲ ಕೊಳೆತವು. ಗುಡ್ಡದ ಕೆಂಪು ಮರಳು, ಚೂರು ಕಲ್ಲು ತಂದು ಸುರಿದು ಮಾಡಿದ ಈ ಮಡಿಯಲ್ಲಿ ಏಳು ಉಳಿದವು. ಆ ಉಪಾಯ ಅವನದೇ. ಆಕೆ ಅದನ್ನು ತನ್ನ ವಹಿಯಲ್ಲಿ ಅವನ ಹೆಸರಿನೊಂದಿಗೆ ಬರೆದುಕೊಂಡಿದ್ದಳು.

ಈ ತೋಟದಲ್ಲಿ ಯಾವ ಜೀವವನ್ನೂ ಕೊಲ್ಲುವಂತಿರಲಿಲ್ಲ. ರಸ್ತೆ ಕಟ್ಟಿಸಲು ಬಂದ ಇಂಜಿನಿಯರ ಸಾಹೇಬ ಕಾಲರಾದಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ತನ್ನ ದೇಶಕ್ಕೆ ಹೋಗದೆ ಗುಡ್ಡದ ಓರೆಯ ಈ ಬಂಗಲೆಯಲ್ಲೇ ಉಳಿದಳು. ಊರಿನವರು ಅವಳಿಗೆ ಹುಳದ ಮೇಮಸಾಬ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ಮುರ್ತುಜಸಾಬ ನಿಂಬೆಯ ಎಲೆಯ ಮೇಲಿದ್ದ ಹಸಿರು ಹುಳವನ್ನು, ತನ್ನ ತಂದೆ ಕಲಿಸಿದ ಹಾಗೆ, ಕಿತ್ತು ಕಾಲಲ್ಲಿ ಹೊಸಕಿದ್ದ. ಆಕೆ ಬಂದು ನೆಲದ ಮೇಲಿನ ಹಸಿರು ಕಲೆಯನ್ನು ತುಂಬಾ ಹೊತ್ತು ನೋಡಿದಳು. ಧಾರವಾಡದ ಮುನ್ಶಿಯೊಬ್ಬ ಕಲಿಸಿದ ಪುಸ್ತಕದ ಕನ್ನಡದಲ್ಲಿ, ಈ ಹುಳಕ್ಕೂ ಇಲ್ಲಿ ವಾಸಿಸುವ ಅಧಿಕಾರವಿದೆ ಎಂದಳು. ಅಂದಿನಿಂದ ಅವನು ಹುಳ ತಿನ್ನುವುದನ್ನು ಕೈ ಕಟ್ಟಿಕೊಂಡು ನೋಡುವುದನ್ನು ಕಲಿತ. ಕಣಜದ ಗೂಡಿನ ಕೆಳಗೆ ಬಗ್ಗಿ ನಡೆಯುವುದನ್ನು ಕಲಿತ. ಮುಳ್ಳುಹಂದಿ ಗೆಡ್ಡೆ ಅಗೆದು ಹೋದರೆ, ಅದು ಹೋದ ದಾರಿಯನ್ನು ಆಕೆಗೆ ತೋರಿಸಬೇಕು, ಮುಚ್ಚುವಂತಿಲ್ಲ. ಮೊದಮೊದಲು ಇದನ್ನು ಮನೆಯಲ್ಲಿ ಹೇಳಿ ಹೆಂಡತಿ ಕಾಸಿಂಬಿಯೊಂದಿಗೆ ನಗುತ್ತಿದ್ದ. ಆಮೇಲೆ ನಗುವುದು ನಿಂತಿತು. ಹಕ್ಕಿಗಳು ಅವನನ್ನು ಕಂಡರೆ ಹಾರದೆ ಕೂಡುತ್ತಿದ್ದವು. ಅದರಲ್ಲಿ ಏನೋ ಒಂದು ಮರ್ಯಾದೆ ಇತ್ತು; ಅದನ್ನು ಯಾರಿಗೆ ಹೇಳುವುದು.

ಆ ಮರ್ಯಾದೆಯನ್ನು ತಾನೇ ತಿಂದುಕೊಂಡ. ಹೋದ ವರ್ಷ ಇದೇ ಚಳಿಯ ದಿನಗಳಲ್ಲಿ ಕಾಸಿಂಬಿಗೆ ಕೆಮ್ಮು ಹತ್ತಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಬಾದಾಮಿಯ ದವಾಖಾನೆಯ ಔಷಧಿ, ಹಕೀಮನ ಲೇಹ, ದರ್ಗಾದ ಉದಿ ಎಲ್ಲವೂ ಆಗಿದ್ದವು. ಆಗ ಒಂದು ದಿನ ಮೇಮಸಾಬಳು ಈ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ನಮ್ಮ ದೇಶದ ಬಡವರು ಇದರ ಎಲೆಯನ್ನು ಹಾಲಲ್ಲಿ ಕುದಿಸಿ ಕೆಮ್ಮಿಗೆ ಕುಡಿಯುತ್ತಾರೆ ಎಂದು, ಅವನಿಗೆ ಹೇಳಲೆಂದಲ್ಲ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು. ಅವನು ಕೇಳಬಹುದಾಗಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಆಕೆ ಪ್ರತಿ ದಿನ ಎಲೆಗಳನ್ನು ಎಣಿಸುತ್ತಿದ್ದಳು, ನೂಲು ಹಿಡಿದು ಅಗಲ ಅಳೆಯುತ್ತಿದ್ದಳು. ಒಂದು ಎಲೆ ಕೊಡಿ ಎಂದು ಕೇಳಿ, ಇಲ್ಲ ಎನಿಸಿಕೊಂಡು, ಮತ್ತೆ ಅದೇ ಗಿಡಕ್ಕೆ ನೀರು ಹಾಕುವುದನ್ನು ಅವನಿಂದ ಊಹಿಸಲು ಆಗಲಿಲ್ಲ. ನಾಲ್ಕು ದಿನ ಬಿಟ್ಟು ಆಕೆ ಬಾಗಲಕೋಟೆಗೆ ಹೋದಾಗ, ಎಲ್ಲಕ್ಕಿಂತ ದೊಡ್ಡ ಗಿಡದ ಹೊರಸುತ್ತಿನ ಏಳು ಎಲೆಗಳನ್ನು ಕುಡುಗೋಲಿನಿಂದ ಕೊಯ್ದು ಅಂಗಿಯೊಳಗೆ ಇಟ್ಟುಕೊಂಡ. ಎದೆಯ ಬೆವರಿಗೆ ಎಲೆಯ ನವಿರು ಅಂಟಿ ಮೂರು ದಿನ ತುರಿಸಿತು.

ಆಕೆ ತಿರುಗಿ ಬಂದು ಮಡಿಯ ಮುಂದೆ ನಿಂತಾಗ ಅವನು ಸ್ವಲ್ಪ ದೂರದಲ್ಲಿ ಕಸ ತೆಗೆಯುತ್ತಿದ್ದ. ಯಾರು ಕಿತ್ತರು ಎಂದು ಕೇಳಿದ್ದರೆ ನಾನೇ ಎಂದು ಹೇಳುತ್ತಿದ್ದೆ, ಎಂದು ಆಮೇಲೆ ನೂರು ಸಲ ಅಂದುಕೊಂಡಿದ್ದ. ಆಕೆ ಹಾಗೆ ಕೇಳಲಿಲ್ಲ.

"ಮುರ್ತುಜ, ಈ ಎಲೆಗಳನ್ನು ಯಾವ ಪ್ರಾಣಿ ತಿಂದಿದೆ?"

"ಕುರಿ ಇರಬೇಕ್ರಿ," ಎಂದ.

ಅಷ್ಟೇ. ಆ ಮಾತು ಎಲ್ಲಿಂದ ಬಂತೋ. ಬಂಗಲೆಯ ಜಾಗದ ಕೆಳತುದಿಗೆ ಒಂದು ಹಳೆಯ ಕಲ್ಲು ಹೊಂಡವಿತ್ತು. ಅಮಸಿದ್ದಪ್ಪನ ಕುರಿಗಳು ಅವನ ಅಜ್ಜನ ಕಾಲದಿಂದ ಅಲ್ಲಿ ನೀರು ಕುಡಿಯುತ್ತಿದ್ದವು. ಬಂಗಲೆ ಆಮೇಲೆ ಬಂದದ್ದು. ಸಾಹೇಬ ಬದುಕಿದ್ದಾಗ ಅದಕ್ಕೆ ತಕರಾರು ಮಾಡಿರಲಿಲ್ಲ. ಕುರಿ ಎಂದರೆ ಯಾರ ಕುರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆಕೆ, ಸರಿ, ನಾಳೆ ಬೆಳಕಿನಲ್ಲಿ ಮತ್ತೆ ನೋಡುತ್ತೇನೆ ಎಂದಳು. ಅವನು ಮಾಡಿದ ಎರಡನೆಯ ಕೆಲಸವನ್ನು ಹೆಂಡತಿಗೂ ಹೇಳಿರಲಿಲ್ಲ. ಮರುದಿನ ನಸುಕಿಗೆ ಬಂದು, ಕೊಯ್ದ ತೊಟ್ಟುಗಳನ್ನು ಉಗುರಿನಿಂದ ಚಿವುಟಿ ಚಿಂದಿ ಮಾಡಿದ. ಹೊಂಡದ ದಂಡೆಗೆ ಹೋಗಿ ಒಂದು ಹಿಡಿ ಕುರಿ ಹಿಕ್ಕೆ ಆರಿಸಿಕೊಂಡು ಬಂದು ಮಡಿಯ ಸುತ್ತ ಚೆಲ್ಲಿದ. ಹಿಕ್ಕೆಗಳು ಇನ್ನೂ ಮೆತ್ತಗಿದ್ದವು. ತಾನು ಏನು ಮಾಡುತ್ತಿದ್ದೇನೆಂದು ಕೈಗೆ ಚೆನ್ನಾಗಿ ಗೊತ್ತಿತ್ತು. ಮೇಮಸಾಬಳು ಬಂದು ಬಗ್ಗಿ ನೋಡಿದಳು, ಒಂದು ಹಿಕ್ಕೆಯನ್ನು ಕಡ್ಡಿಯಿಂದ ಹೊರಳಿಸಿದಳು, ಅವನ ಮುಖ ನೋಡಿದಳು. ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. ಆ ವಾರವೇ ಹೊಂಡದ ಸುತ್ತ ಮುಳ್ಳಿನ ಬೇಲಿ ಬಿತ್ತು. ಅಮಸಿದ್ದಪ್ಪ ಬಂದು ಗೇಟಿನ ಹೊರಗೆ ನಿಂತು ಕಂಬಳಿ ಹಾಸಿ ಕೈ ಮುಗಿದ. ಆಕೆಯ ಪುಸ್ತಕದ ಕನ್ನಡವನ್ನು ಅವನಿಗೆ ತಿಳಿಯುವಂತೆ ಹೇಳುವ ಕೆಲಸ ಮುರ್ತುಜಸಾಬನ ಪಾಲಿಗೆ ಬಂತು. ನಿನ್ನ ಕುರಿ ತೋಟಕ್ಕೆ ನುಗ್ಗಿ ದೊಡ್ಡ ನಷ್ಟ ಮಾಡಿದೆ, ಇನ್ನು ಇಲ್ಲಿ ನೀರಿಲ್ಲ ಎಂದು ಇವನೇ ಹೇಳಿದ. ಅಮಸಿದ್ದಪ್ಪ ಇವನನ್ನೇ ನೋಡುತ್ತಿದ್ದ. ನೀ ನೋಡಿದೇನಣ್ಣಾ ಎಂದು ಕೇಳಿದ. ಇವನು ಹೂಂ ಎಂದ.

ಆ ಬೇಸಿಗೆಯಲ್ಲಿ ನೀರಿಗಾಗಿ ಕುರಿಗಳನ್ನು ಮಲಪ್ರಭೆಯವರೆಗೆ ಹೊಡೆದುಕೊಂಡು ಹೋಗಬೇಕಾಯಿತು. ಗಬ್ಬಾದ ಕುರಿಗಳು ದಾರಿಯಲ್ಲೇ ಕೂತವು. ಕೆಲವು ಕೂತಲ್ಲಿಂದ ಏಳಲಿಲ್ಲ. ಉಳಿದದ್ದನ್ನು ಅಮಸಿದ್ದಪ್ಪ ಕೆರೂರ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಕೈಬೀಸಿಕೊಂಡು ಬಂದನಂತೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಎರಡು ದಿನ ಕೂತಿದ್ದನಂತೆ. ಇದೆಲ್ಲ ಮುರ್ತುಜಸಾಬನಿಗೆ ತಿಳಿದದ್ದು ಕಾಸಿಂಬಿಯಿಂದ. ಅವಳಿಗೆ ಎಲೆ ಕುದಿಸಿದ ಹಾಲು ಐದು ದಿನ ಕೊಟ್ಟಿದ್ದ. ಕೆಮ್ಮು ಇಳಿದ ಹಾಗೆ ಅನಿಸಿತ್ತು, ಅನಿಸಿದ್ದಷ್ಟೇ. ಆರನೆಯ ದಿನ, ಬೇಲಿ ಬಿದ್ದ ಸುದ್ದಿ ಊರಿಗೆ ಮುಟ್ಟಿದ ದಿನ, ಅವಳು ಎಲ್ಲ ಕೇಳಿದಳು. ಅವನು ಹಿಕ್ಕೆಯ ಮಾತು ಬಿಟ್ಟು ಉಳಿದದ್ದನ್ನು ಹೇಳಿದ. ಅವಳು ಕೈಯಲ್ಲಿದ್ದ ಬಟ್ಟಲನ್ನು ನೆಲದ ಮೇಲೆ ಇಟ್ಟಳು.

"ಈ ಹಾಲು ಯಾರ ಮನೀದು, ಗೊತ್ತೈತೇನ್ರಿ ನಿಮಗ?"

ಅವನಿಗೆ ಗೊತ್ತಿತ್ತು. ಅಮಸಿದ್ದಪ್ಪನ ಹಿಂಡಿನ ಜೊತೆಗಿದ್ದ ಆಡಿನ ಹಾಲು. ಕಾಸಿಂಬಿಯ ಕೆಮ್ಮಿಗೆಂದು ಸೋಮವ್ವ ತಾನೇ ಕರೆದು, ತಾನೇ ತಂದು, ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದದ್ದು. ಅಂದಿನಿಂದ ಕಾಸಿಂಬಿ ಆ ಕಷಾಯ ಮುಟ್ಟಲಿಲ್ಲ; ಸೋಮವ್ವ ಹಾಲು ತರಲಿಲ್ಲ, ಇವನೂ ಕುರುಬರ ಓಣಿಯ ಕಡೆ ಹೋಗಲಿಲ್ಲ. ಹೋಗಿ ಖರೆ ಹೇಳಿ ಬರ್ರಿ ಎಂದು ಒಂದು ಸಲ ಹೇಳಿದಳು. ನೌಕರಿ ಹೋಗುತ್ತದೆ ಎಂದ. ಅವಳು ಎರಡನೆಯ ಸಲ ಹೇಳಲಿಲ್ಲ. ಹೇಳದೆ ಇದ್ದದ್ದು ತನ್ನ ಮೇಲಿನ ಪ್ರೀತಿಯಿಂದಲೋ, ತನ್ನ ಬಗ್ಗೆ ಆಸೆ ಬಿಟ್ಟದ್ದರಿಂದಲೋ ಎಂದು ಅವನು ಈ ಒಂದು ವರ್ಷ ಪ್ರತಿ ಊಟದಲ್ಲೂ ಅವಳ ಮುಖದಲ್ಲಿ ಹುಡುಕಿದ್ದ. ಅವಳು ರೊಟ್ಟಿ ಹಾಕುತ್ತಿದ್ದಳು, ಪಲ್ಯ ಬಡಿಸುತ್ತಿದ್ದಳು, ಕೆಮ್ಮು ಬಂದಾಗ ಸೆರಗು ಬಾಯಿಗೆ ಒತ್ತಿ ಹೊರಗೆ ಹೋಗುತ್ತಿದ್ದಳು. ಮೊದಲು ಅವನ ಎದುರಿಗೇ ಕೆಮ್ಮುತ್ತಿದ್ದಳು.

ಬಿಸಿಲೇರುವ ಹೊತ್ತಿಗೆ ದೊರೆಯ ಟಾಂಗಾ ಬಂತು. ಕೆಂಪು ಮುಖದ, ಚಿಕ್ಕ ವಯಸ್ಸಿನ, ನಗೆಮುಖದವನು. ಮೇಮಸಾಬಳು ತಲೆಗೆ ಬಿಳಿಯ ಟೋಪಿ ಹಾಕಿ, ಯಾವಾಗಲೂ ಹಾಕದ ನೀಲಿ ಲಂಗ ಉಟ್ಟು ಅವನನ್ನು ತೋಟದೊಳಗೆ ತಿರುಗಿಸಿದಳು. ಮುರ್ತುಜಸಾಬ ನಾಲ್ಕು ಹೆಜ್ಜೆ ಹಿಂದೆ ಇದ್ದ. ಕಣಜದ ಗೂಡು ತೋರಿಸಿದಳು, ಹಾವಿನ ಪೊರೆ ತೋರಿಸಿದಳು, ಬೇಲಿಯೊಳಗಿನ ಹೊಂಡ ತೋರಿಸಿದಳು. ಹೊಂಡದಲ್ಲಿ ಆಪಿನ ಹುಲ್ಲು ಆಳೆತ್ತರ ಬೆಳೆದು, ಅದರೊಳಗಿಂದ ನೀರುಕೋಳಿಗಳು ಮರಿಗಳನ್ನು ಹಿಂದಿಟ್ಟುಕೊಂಡು ಈಜಿ ಬಂದವು. ದೊರೆ ಟೋಪಿ ತೆಗೆದು ಸಣ್ಣ ಹುಡುಗನಂತೆ ನಿಂತು ನೋಡಿದ. ಹಿಂದೆ ಅಲ್ಲಿ ಕುರಿಗಳು ಮೊಣಕಾಲೂರಿ ನೀರು ಕುಡಿಯುವಾಗ ಏಳುತ್ತಿದ್ದ ಸದ್ದು ಮುರ್ತುಜಸಾಬನ ಕಿವಿಗೆ ಬಂತು, ನೂರು ಬಾಯಿ ಒಟ್ಟಿಗೆ ಹೀರುವ ಸದ್ದು. ಆಗೆಲ್ಲ ಅಮಸಿದ್ದಪ್ಪ ದಂಡೆಯ ಮೇಲೆ ಕೋಲೂರಿ ನಿಂತು, ಅಣ್ಣಾ, ಎಲಿ ಅಡಿಕಿ ಐತೇನ ಎಂದು ಕೂಗುತ್ತಿದ್ದ. ದೊರೆ ಏನೋ ಕೇಳಿದ. ಇವನಿಗೆ ಇಂಗ್ಲಿಷು ತಿಳಿಯದು. ತನ್ನನ್ನೇ ಕೇಳಿದನೇನೋ ಎಂದು ಸಲಾಮು ಮಾಡಿದ. ಇಬ್ಬರೂ ನಕ್ಕರು.

ಕಲ್ಲಿನ ಮಡಿಗೆ ಬಂದರು. ಹೂವನ್ನು ನೋಡುವಷ್ಟರಲ್ಲಿ ಮೇಮಸಾಬಳು ದೊರೆಯ ತೋಳು ಹಿಡಿದು ನಿಲ್ಲಿಸಿದಳು, ಉಸಿರು ಬಿಗಿಹಿಡಿದಳು. ಒಂದು ಎಲೆಯ ಮೇಲೆ ಸಣ್ಣ ಜೇನಿನಂಥ ಹುಳ ಕೂತಿತ್ತು. ಅದು ಎಲೆಯ ನವಿರನ್ನು ಬಾಯಿಂದ ಕತ್ತರಿಸುತ್ತ ಹಿಂದಕ್ಕೆ ಸರಿಯುತ್ತಿತ್ತು. ಕತ್ತರಿಸಿದ್ದನ್ನು ಹೊಟ್ಟೆಯ ಕೆಳಗೆ ಉಂಡೆ ಮಾಡುತ್ತಿತ್ತು. ಅದು ಹೋದ ದಾರಿಯಲ್ಲಿ ಎಲೆ ಬೋಳಾಗಿ ಹಸಿರು ಕಾಣುತ್ತಿತ್ತು. ಈ ಹುಳ ಇಲ್ಲಿ ಬರುತ್ತದೋ ಇಲ್ಲವೋ ಎಂದು ಆಕೆ ಗಿಡ ಎಲೆಬಿಟ್ಟ ದಿನದಿಂದ ಕಾದಿದ್ದಳು. ಅದು ಈ ಉಣ್ಣೆಯಿಂದ ಮರಿಗಳಿಗೆ ಹಾಸಿಗೆ ಮಾಡುತ್ತದೆ ಎಂದು ಅವನಿಗೂ ಹೇಳಿದ್ದಳು. ಈಗ ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ಕುರುಬರು ಕುರಿಯನ್ನು ಮಗ್ಗುಲಿಗೆ ಕೆಡವಿ ಉಣ್ಣೆ ಕತ್ತರಿಸುವುದು ಹೀಗೆಯೇ, ಕತ್ತರಿ ಹಿಂದೆ ಸರಿದಂತೆ ಚರ್ಮ ಬೆಳ್ಳಗೆ ಕಾಣುತ್ತ ಬರುತ್ತದೆ. ಹುಳ ಉಂಡೆಯನ್ನು ಎತ್ತಿಕೊಂಡು ಹಾರಿತು. ಆಕೆ ಅದೇ ಸಂತೋಷದಲ್ಲಿ ಕೂಗಿ ಯಾಕೂಬಸಾಬನಿಂದ ತಾಟು ತರಿಸಿದಳು. ತಾಟಿನಲ್ಲಿ ಇಳಕಲ್ಲಿನ ಜರಿಯ ರುಮಾಲು ಇತ್ತು. ದೊರೆ ಅದನ್ನು ತಾನೇ ಎತ್ತಿ ಕೊಟ್ಟ. ಮೇಮಸಾಬಳು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಇವನು ತನ್ನ ಅತ್ಯಂತ ನಂಬಿಕೆಯ ಸೇವಕನೆಂದು ಹೇಳಿದಳು. ಹಳೆಯದನ್ನು ತೆಗೆದು ಹೊಸದನ್ನು ಸುತ್ತಿಕೊಳ್ಳೆಂದು ಕೈಸನ್ನೆ ಮಾಡಿದರು. ಅಪರಿಚಿತರ ಎದುರಿಗೆ ಬರಿತಲೆಯಾಗಿ ನಿಂತು ರುಮಾಲು ಸುತ್ತುವಾಗ ಎರಡು ಸಲ ಸುತ್ತು ಬಿಚ್ಚಿತು. ಮೂರನೆಯ ಸಲಕ್ಕೆ ಸುತ್ತಿ ಮುಗಿದಾಗ, ತಾನು ಹೇಳುತ್ತೇನೆಂದು ಎಣಿಸಿರದ ಮಾತು ಬಾಯಿಂದ ಬಂದಿತ್ತು.

"ಮೇಮಸಾಬ್ರ, ಕುರಿ ತಿಂದಿಲ್ರಿ. ಹೋದ ವರ್ಸ ಎಲಿ ಕೊಯ್ದಾಂವ ನಾ."

ಅವನಿಗೆ ತನ್ನ ದನಿ ಬೇರೆಯವರದು ಎನಿಸಿತು. ದೊರೆ ಏನಂದ ಎನ್ನುವಂತೆ ಆಕೆಯ ಕಡೆ ನೋಡಿದ. ಆಕೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ದೊರೆಗೆ ಮೆಚ್ಚಿಕೆಯಾಯಿತು; ತಲೆಯಾಡಿಸಿ, ಮುರ್ತುಜಸಾಬನ ಭುಜ ತಟ್ಟಿ, ಬಂಗಲೆಯೊಳಗೆ ಚಹಾಕ್ಕೆ ಹೋದ. ಆಕೆ ಹಿಂದೆ ಉಳಿದಳು. ಬಗ್ಗಿ, ಹುಳ ಬೋಳಿಸಿದ ಎಲೆಯನ್ನು ಬೆರಳಿಂದ ಮುಟ್ಟಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನನಗೆ ಅಂದೇ ತಿಳಿದಿತ್ತು, ಮುರ್ತುಜ. ಕುರಿಗಳು ಈ ಎಲೆಯನ್ನು ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಕುರಿಗಳು ಗುಡ್ಡವನ್ನೆಲ್ಲ ಮೇಯ್ದ ಮೇಲೂ ಇದೊಂದು ಗಿಡ ನಿಂತಿರುತ್ತದೆ."

"ಹಂಗಾದ್ರ ಅಮಸಿದ್ದಪ್ಪಗ ಹೊಂಡ ಯಾಕ ಬಿಡಿಸಿದ್ರಿ?"

"ಹೊಂಡದಲ್ಲಿ ಈಗ ಎಷ್ಟು ಹಕ್ಕಿಮರಿಗಳಿವೆ ಎಂದು ನೀನೇ ನೋಡಿದೆಯಲ್ಲ. ಕಾರಣವಿಲ್ಲದೆ ಅವನನ್ನು ಕಳಿಸಿದ್ದರೆ ಅನ್ಯಾಯವೆಂದು ಜನ ಹೇಳುತ್ತಿದ್ದರು. ನೀನು ಕಾರಣ ಕೊಟ್ಟೆ." ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. "ಎಲೆಯನ್ನು ನೀನು ಕೇಳಿದ್ದರೆ ನಾನೇ ಕೊಡುತ್ತಿದ್ದೆ."

ಮುರ್ತುಜಸಾಬ ಅಲ್ಲೇ ಮಡಿಯ ಕಲ್ಲಿನ ಮೇಲೆ ಕೂತ. ಬೈದಿದ್ದರೆ, ನೌಕರಿಯಿಂದ ತೆಗೆದಿದ್ದರೆ ಹಗುರವಾಗುತ್ತಿತ್ತು. ಒಂದು ವರ್ಷ ತಾನು ಎದೆಯಲ್ಲಿ ಮುಚ್ಚಿಟ್ಟುಕೊಂಡು ಕೊಳೆಸಿದ್ದನ್ನು ಆಕೆ ಮೊದಲ ದಿನವೇ ನೋಡಿ, ತನಗೆ ಬೇಕಾದಷ್ಟು ಉಪಯೋಗಿಸಿ, ಮರೆತಿದ್ದಳು. ಅವನ ಪಾಪವನ್ನೂ ಆಕೆ ಆಳಿನ ಹಾಗೆ ದುಡಿಸಿಕೊಂಡಿದ್ದಳು. ಕೇಳಿದ್ದರೆ ಕೊಡುತ್ತಿದ್ದಳಂತೆ. ಆ ಮಾತು ನಿಜವಿರಬಹುದು, ಅದೇ ಅವನಿಗೆ ತಾಳಲಾಗಲಿಲ್ಲ. ಎದ್ದ. ಯಾರಿಗೂ ಹೇಳದೆ ಗೇಟು ದಾಟಿ ರಸ್ತೆಗೆ ಬಂದ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷದಲ್ಲಿ ಕೇಳದೆ ಹೊರಗೆ ಹೋದದ್ದು ಅದೇ ಮೊದಲು.

ಅಮಸಿದ್ದಪ್ಪ ಒಂದು ಕಲ್ಲಿನ ಗುಂಪಿಯ ನೆರಳಿನಲ್ಲಿ ಕೂತು ಖಡಿ ಒಡೆಯುತ್ತಿದ್ದ. ಕಲ್ಲಿನ ಚೂರು ಸಿಡಿದು ತಾಗದಂತೆ ಕಾಲಿಗೆ ಕಂಬಳಿಯ ತುಂಡುಗಳನ್ನು ಸುತ್ತಿಕೊಂಡಿದ್ದ. ತಲೆ ಎತ್ತಿ ನೋಡಿದ; ಗುರುತು ಹತ್ತಲು ಒಂದು ಗಳಿಗೆ ಹಿಡಿಯಿತು.

"ಹೊಸಾ ರುಮಾಲ," ಎಂದ. "ಯಾರ ಲಗ್ನಕ್ಕ ಹೊಂಟಿ ಅಣ್ಣಾ?"

ಮುರ್ತುಜಸಾಬ ರುಮಾಲು ಇನ್ನೂ ತಲೆಯ ಮೇಲಿರುವುದನ್ನು ಆಗ ನೆನೆಸಿಕೊಂಡ. ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಲ್ಲಿನ ಮೇಲೆ ಕುಕ್ಕರಿಸಿದ. ಹೇಳುವುದಕ್ಕೆ ಹೆಚ್ಚು ಮಾತು ಬೇಕಾಗಲಿಲ್ಲ. ಕಾಸಿಂಬಿಯ ಕೆಮ್ಮಿಗೆಂದು ಎಲೆ ಕೊಯ್ದದ್ದು ತಾನೆಂದ. ಕುರಿ ಎಂದು ಸುಳ್ಳು ಹೇಳಿದ್ದು ತಾನೆಂದ. ಹೆಂಡತಿಗೂ ಹೇಳದ ಹಿಕ್ಕೆಯ ಮಾತನ್ನೂ ಹೇಳಿದ. ಇವನು ಹೇಳುವುದೆಲ್ಲ ಮುಗಿಯುವವರೆಗೆ ಅಮಸಿದ್ದಪ್ಪ ಸುತ್ತಿಗೆಯನ್ನು ಎತ್ತಿದವನು ಕೆಳಗಿಳಿಸಲಿಲ್ಲ. ಆಮೇಲೆ ಮೆಲ್ಲಗೆ, ಕಲ್ಲಿಗೆ ನೋವಾಗಬಾರದೆಂಬಂತೆ, ಅದನ್ನು ನೆಲದ ಮೇಲಿಟ್ಟ.

"ಕುರಿ ಆ ಸೊಪ್ಪ ಮೂಸೂದಿಲ್ಲ ಅಂತ ನನಗ ಗೊತ್ತಿತ್ತು," ಎಂದ. "ನೀನ ತಾನ ಉದುರಿದ ಒಂದ ಎಲಿ ಕೊಟ್ಟಿದ್ದಿ, ನೆನಪೈತೇನ? ಟಗರಿನ ಬಾಯಾಗ ಹಿಡದಿದ್ದೆ. ಉಗುಳಿತ್ತು. ಆದರ ಮುರ್ತುಜಣ್ಣ ನೋಡ್ಯಾನಂದ್ರ ಖರೇ ಇರಬೇಕು ಅಂದೆ."

ಅವನು ನಿಧಾನವಾಗಿ, ಬಹಳ ಹಿಂದೆ ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ ಹೇಳಿದ. ಎಲೆ ಹೋದ ಆ ದಿನಗಳಲ್ಲಿ ಅವನು ನಂಟರ ಮನೆಗೆ ಹೋಗಿದ್ದ, ಕುರಿ ಕಾದವಳು ಸೋಮವ್ವ. ಗೇಟಿನಿಂದ ತಿರುಗಿ ಹೋಗಿ ಅವಳನ್ನು ಕೇಳಿದ. ಅವಳು, ಕುರಿ ತೋಟದ ಸಮೀಪಕ್ಕೂ ಹೋಗಿಲ್ಲ, ಬೀರಪ್ಪನ ಆಣೆ ಎಂದಳು. ಆಣೆ ಇಟ್ಟು ಸುಳ್ಳು ಹೇಳುತ್ತಾಳೆಂದು ಅವನಿಗೆ ಸಿಟ್ಟು ತಲೆಗೇರಿತು. ಹದಿನೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಎತ್ತದ ಕೋಲು ಎತ್ತಿದ.

"ಆ ಕಾಲ ನಾ ಮುರದದ್ದ ಅಣ್ಣಾ. ಅವತ್ತಿಂದ ಆಕಿ ನನ್ನ ಏ ಅಂತನೂ ಕರದಿಲ್ಲ. ಅಡಗಿ ಮಾಡಿ ಇಟ್ಟು ಹೊರಗ ಹೋಗತಾಳ."

ಮುರ್ತುಜಸಾಬ ಕುರಿಗಳ ಲೆಕ್ಕವನ್ನು ತನ್ನ ಮೇಲೆ ಹೊತ್ತುಕೊಳ್ಳಲು ಸಿದ್ಧನಾಗಿ ಬಂದಿದ್ದ. ಈ ಕಾಲು ಅವನ ಎಣಿಕೆಯಲ್ಲೇ ಇರಲಿಲ್ಲ. ಅಮಸಿದ್ದಪ್ಪ ಹೊಡೆಯುತ್ತಾನೆ ಎಂದು ಕಾದ, ಹೊಡೆಯಲಿ ಎಂದು ಮೈ ಬಿಗಿ ಮಾಡಿ ಕೂತ. ಅಮಸಿದ್ದಪ್ಪ ಹೊಡೆಯಲಿಲ್ಲ. ಎದ್ದು ನಿಂತು, ದೂರದಲ್ಲಿ ಬುಟ್ಟಿಗೆ ಖಡಿ ತುಂಬುತ್ತಿದ್ದ ಸೋಮವ್ವನ ಕಡೆಗೆ ಕೈ ತೋರಿಸಿದ.

"ಆಕಿ ಮುಂದ ಹೇಳು. ನನ್ನ ಮುಂದ ಹೇಳಿ ಏನ ಮಾಡ್ತಿ."

ಇಬ್ಬರೂ ಅಲ್ಲಿಗೆ ನಡೆದರು. ಬೇರೆ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಸೋಮವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ನಿಂತಾಗ ಭಾರವೆಲ್ಲ ಬಲಗಾಲಿನ ಮೇಲೆ. ಮುರ್ತುಜಸಾಬ ಅವಳ ಪಾದಗಳನ್ನೇ ನೋಡುತ್ತ ಎಲ್ಲವನ್ನೂ ಎರಡನೆಯ ಸಲ ಹೇಳಿದ. ಎರಡನೆಯ ಸಲ ಮಾತು ಮೊದಲಿಗಿಂತ ಸಲೀಸಾಗಿ ಬಂತು. ಅದು ಅವನಿಗೇ ಅಸಹ್ಯವಾಯಿತು. ಅವಳು ಗಂಡನ ಮುಖ ನೋಡಲಿಲ್ಲ. ಮುಗಿದ ಮೇಲೆ ಕೇಳಿದಳು:

"ಆ ಎಲೀಲೆ ಅಕ್ಕಗ ಗುಣಾ ಆತೇನ್ರಿ?"

ಹೌದು ಎಂದು ಹೇಳಿಬಿಡಬೇಕೆನಿಸಿತು. ಅಷ್ಟಾದರೂ ಅವಳಿಗೆ ಕೊಡಬೇಕೆನಿಸಿತು. ಸುಳ್ಳು ನಾಲಿಗೆಯ ತುದಿಯಲ್ಲಿ, ಬೇಕಾದಾಗ ಸಿಗುವ ಹಾಗೆ, ಸಿದ್ಧವಾಗಿ ಕೂತಿತ್ತು.

"ಇಲ್ಲವ್ವಾ," ಎಂದ. "ಈಗೂ ಕೆಮ್ಮತಾಳ."

"ಅದೂ ಇಲ್ಲ," ಎಂದಳು ಸೋಮವ್ವ. ಸಿಟ್ಟಿನಿಂದಲ್ಲ, ಸಂತೆಯಲ್ಲಿ ಕೇಳಿದ ಸಾಮಾನು ತೀರಿದೆ ಎಂದಾಗ ಹೇಳುವ ಹಾಗೆ.

ಅಷ್ಟರಲ್ಲಿ ಕೆಲಸ ಮಾಡಿಸುವ ಮುಕಾದಮ ಆಚೆಯಿಂದ ಕೂಗಿದ, ಮಾತಾಡಲಿಕ್ಕೆ ಬಂದೀರೋ ಕೆಲಸಕ್ಕೆ ಬಂದೀರೋ ಎಂದು. ಹೆಂಗಸರು ಬುಟ್ಟಿಗಳಿಗೆ ಬಾಗಿದರು. ತುಂಬಿದ ಬುಟ್ಟಿಯನ್ನು ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಮುರ್ತುಜಸಾಬ ರುಮಾಲನ್ನು ಕಲ್ಲಿನ ಮೇಲಿಟ್ಟು, ಬಗ್ಗಿ ಬುಟ್ಟಿಯ ಅಂಚಿಗೆ ಕೈ ಹಾಕಿದ.

"ಬಿಡ್ರಿ," ಎಂದಳು ಸೋಮವ್ವ.

ಅವನು ಬಿಟ್ಟ. ಅವಳು ಬಿಸಿಲಲ್ಲಿ ಸಿಂಬಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು ನಿಂತಳು. ಮುಕಾದಮ ಮತ್ತೊಮ್ಮೆ ಕೂಗಿದ. ಅವಳು ಕೊರಳನ್ನು ಅಷ್ಟೇ ತಿರುಗಿಸಿದಳು.

"ಏ, ಬಾ. ಎತ್ತು," ಎಂದಳು ಗಂಡನಿಗೆ.

ಅಮಸಿದ್ದಪ್ಪನಿಗೆ ತನ್ನನ್ನೇ ಕರೆದದ್ದೆಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಬಂದ. ಕೈ ಒರೆಸಿಕೊಂಡು ಬುಟ್ಟಿಯನ್ನು ಎತ್ತಿ ಅವಳ ತಲೆಯ ಮೇಲಿಟ್ಟು, ಅದು ಕೂತಿತೋ ಇಲ್ಲವೋ ಎಂದು ಅಂಚು ಹಿಡಿದೇ ಅವಳ ಸಂಗಡ ಹತ್ತು ಹೆಜ್ಜೆ ನಡೆದ, ಆಮೇಲೂ ಕೈ ಬಿಡಲಿಲ್ಲ. ಅವಳು ಏನೋ ಹೇಳಿದಳು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಇಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಮುರ್ತುಜಸಾಬ ಒಡೆದ ಕಲ್ಲುಗಳ ನಡುವೆ ನಿಂತಿದ್ದ. ಹೋಗು ಎಂದು ಯಾರೂ ಹೇಳಲಿಲ್ಲ, ನಿಲ್ಲು ಎಂದೂ ಹೇಳಲಿಲ್ಲ. ಒಬ್ಬ ಹೆಂಗಸು, ದಾರಿ ಬಿಡ್ರಿ ಎಂದಳು. ಪಕ್ಕಕ್ಕೆ ಸರಿದ. ಹೊತ್ತು ಪಡುವಣದ ಕಡೆಗೆ ವಾಲಿತ್ತು, ಗಿಡಗಳಿಗೆ ಸಂಜೆಯ ನೀರು ಹಾಕುವ ಹೊತ್ತು. ರುಮಾಲಿನ ಮೇಲೆ ಕೂತಿದ್ದ ಕಲ್ಲಿನ ಧೂಳನ್ನು ಝಾಡಿಸಿ, ಕಂಕುಳಲ್ಲಿ ಇಟ್ಟುಕೊಂಡು, ಬಂಗಲೆಯ ಕಡೆಗೆ ನಡೆದ.